ಕುಡಿಯದ ಕೊಕ್ಕರೆ

ಮೀಸೆ ಮಾಮನ ಮನೆಯಲ್ಲಿ ಮುನ್ನೂರು ಚಿಲ್ಲರೆ ಪೆನ್ನುಗಳಿದ್ದವು, ಬರೆಯುವುದಕ್ಕೆ ಒಂದೂ ಇರಲಿಲ್ಲ. ಅಂಚೆಯವನು ಆ ಮನೆಗೆ ಸಹಿ ಹಾಕಿಸಲು ಬರುವಾಗ ಎರಡು ಪೆನ್ನು ತರುತ್ತಿದ್ದ. ಒಂದು ತನಗೆ, ಇನ್ನೊಂದು ಅವರಿಗೆ.

ಮಾಮನ ಕಸುಬು ಕ್ಷೌರ. ಅವನ ಹೆಂಡತಿಯದು ಹೊಲಿಗೆ; ಬೀದಿಗೆಲ್ಲ ಅವಳು ಟೈಲರಮ್ಮ. ಒಂದೇ ಅಂಗಡಿ, ಎರಡು ಬಾಗಿಲು, ನಡುವೆ ಒಂದು ಪರದೆ. ಪರದೆಯ ಆ ಕಡೆ ಕೂದಲು ಬೀಳುತ್ತಿತ್ತು, ಈ ಕಡೆ ದಾರದ ತುಂಡು ಬೀಳುತ್ತಿತ್ತು, ಸಂಜೆಗೆ ಎರಡನ್ನೂ ಒಂದೇ ಪೊರಕೆಯಲ್ಲಿ ಗುಡಿಸುವವಳು ಟೈಲರಮ್ಮ. ಅಂಗಡಿಯ ಮೇಲೆಯೇ ಮನೆ.

ಮೀಸೆಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾಮ ಬಾಗಿಲಿಗೆ ಬರುವ ಮೊದಲೇ ಮೀಸೆ ಬಂದಿರುತ್ತಿತ್ತು. ಎರಡೂ ಕೈಗೆ ಕೆಲಸವಿದ್ದಾಗ ಬಾಚಣಿಗೆಯನ್ನು ಬಲಮೀಸೆಗೂ ಸಣ್ಣ ಕತ್ತರಿಯನ್ನು ಎಡಮೀಸೆಗೂ ಸಿಕ್ಕಿಸಿಕೊಂಡಿರುತ್ತಿದ್ದ. ಗಾಳಿ ಜೋರಿದ್ದ ದಿನ ಸೈಕಲ್ ಹತ್ತುವ ಹಾಗಿರಲಿಲ್ಲ. ಒಂದು ಸಲ ಹತ್ತಿ, ಹೋಗಬೇಕಾದ ಬೀದಿ ಬಿಟ್ಟು ಪಕ್ಕದ ಬೀದಿಯಲ್ಲಿ ಇಳಿದಿದ್ದ. ಮದುವೆಯಾದಾಗಲೇ ಆ ಮೀಸೆ ಇತ್ತು. ಅದರ ಕೆಳಗೆ ಏನಿದೆ ಎಂದು ಟೈಲರಮ್ಮ ಕಂಡವಳಲ್ಲ, ಕೇಳಿದವಳೂ ಅಲ್ಲ.

ಪೆನ್ನಿನ ಹುಚ್ಚು ಹಿಡಿದದ್ದು ಒಬ್ಬ ಹಡಗಿನವನಿಂದ. ಗಡ್ಡ ಹೆರೆಸಿಕೊಳ್ಳಲು ಬಂದವನು ಒಂದು ಹಳೇ ಚೀನಾ ಪೆನ್ನನ್ನು ಕುರ್ಚಿಯ ಸಂದಿಯಲ್ಲಿ ಬಿಟ್ಟುಹೋದ. ಮಾಮ ಅವನು ವಾಪಸ್ಸು ಬರಲಿ ಎಂದು ಪೆನ್ನು ಹಿಡಿದುಕೊಂಡು ಬಾಗಿಲಲ್ಲಿ ಕಾದ. ಕಾಯುತ್ತ ನೋಡಿದ. ನೋಡುತ್ತ ಕಾದ. ಆಮೆ ತಲೆಯನ್ನು ಒಳಗೆ ಎಳೆದುಕೊಂಡ ಹಾಗೆ ನಿಬ್ಬು ಒಳಗೆ ಅಡಗಿ, ತುದಿ ಮಾತ್ರ ಇಣುಕುತ್ತಿತ್ತು. ಹಡಗಿನವನು ಬರಲಿಲ್ಲ, ಮಾಮನ ತಲೆ ಕೆಟ್ಟಿತು. ಅಂದಿನಿಂದ ಗುಜರಿ ಅಂಗಡಿ, ಹಳೇ ಪೆಟ್ಟಿಗೆ, ಮನೆ ಖಾಲಿ ಮಾಡುವವರ ಮೂಟೆ, ಎಲ್ಲಿ ಚೀನಾ ಪೆನ್ನಿದೆಯೋ ಅಲ್ಲಿ ಮಾಮ. ಹೊಸದು ಬೇಡ, ಬೇರೆ ದೇಶದ್ದು ಬೇಡ. ತನ್ನಷ್ಟಾದರೂ ವಯಸ್ಸಾಗಿರಬೇಕು, ಚೀನಾದ್ದೇ ಆಗಿರಬೇಕು.

ಹುಚ್ಚು ಅಂಟುಜಾಡ್ಯ. ಬೀದಿಯ ಇನ್ನೂ ಮೂವರಿಗೆ ಹತ್ತಿತು. ಒಬ್ಬ ವಾಚ್ ರಿಪೇರಿಯವನು. ಒಂದು ಕಣ್ಣಿಗೆ ಸದಾ ಮಸೂರ ಕಚ್ಚಿಕೊಂಡಿರುತ್ತಿದ್ದ, ಊಟ ಮಾಡುವಾಗಲೂ ತೆಗೆಯುತ್ತಿರಲಿಲ್ಲ, ಅದಕ್ಕೇ ಅವನಿಗೆ ಭೂತಗನ್ನಡಿ ಎಂದು ಹೆಸರು. ಇನ್ನೊಬ್ಬ ಬೇಕರಿಯವನು. ಮತ್ತೊಬ್ಬ ಆಂಬುಲೆನ್ಸ್ ಡ್ರೈವರ್. ವಾರದ ರಜೆಯ ದಿನ ಇವರು ಮಾಮನ ಅಂಗಡಿಯಲ್ಲಿ ಸಂಘ ಸೇರುತ್ತಿದ್ದರು. ಹೊರಗೆ ಆಂಬುಲೆನ್ಸ್ ನಿಂತಿರುತ್ತಿದ್ದುದರಿಂದ ಪ್ರತಿ ರಜೆಯ ದಿನವೂ ಯಾರಾದರೊಬ್ಬರು ಬಂದು ಟೈಲರಮ್ಮನಿಗೆ ಸಮಾಧಾನ ಹೇಳಿಹೋಗುತ್ತಿದ್ದರು.

ನಾಲ್ವರಿಗೂ ಚೀನಾ ಅಕ್ಷರ ಒಂದೂ ಬಾರದು. ಹಾಗಾಗಿ ಪೆನ್ನಿನ ಮೇಲಿನ ಚಿತ್ರ ನೋಡಿ ಹೆಸರಿಡುತ್ತಿದ್ದರು. ಹಡಗು, ಗೋಪುರ, ಚಿಮಣಿ, ಜಿಂಕೆ. ಅಕ್ಷರ ಮಾತ್ರ ಇದ್ದರೆ ಜಗಳ.

"ಇಲ್ಲಿ ಬರ್ದಿರೋದು 'ಜಯವಾಗಲಿ' ಅಂತ," ಎನ್ನುತ್ತಿದ್ದ ಮಾಮ.

"ಏನೂ ಅಲ್ಲ, 'ಬಿಸಿಲಿಗೆ ಇಡಬೇಡಿ' ಅಂತ," ಎನ್ನುತ್ತಿದ್ದ ಭೂತಗನ್ನಡಿ.

ಸಂಘಕ್ಕೆ ಒಂದು ಕಟ್ಟಳೆಯಿತ್ತು. ಇಂಕು ಸೋಕಿದ ಪೆನ್ನನ್ನು ಅವರು 'ಕುಡಿದದ್ದು' ಎನ್ನುತ್ತಿದ್ದರು. ಸೋಕದಿದ್ದರೆ 'ಕುಡಿಯದ್ದು'. ಮಾರಿದ ಅಂಗಡಿ ಬಿಟ್ಟ ಮೇಲೆ ಒಂದು ತೊಟ್ಟನ್ನೂ ಕುಡಿಯದೆ ಅಷ್ಟು ವರ್ಷ ಕಳೆದ ಪೆನ್ನೆಂದರೆ ಅವರಿಗೆ ಮೈಯೆಲ್ಲ ಪುಳಕ. ಅಂಥದ್ದಕ್ಕೆ ಬೀರುವಿನ ಮೇಲಿನ ಅರೆ. ಕುಡಿದದ್ದಕ್ಕೆ ಕೆಳಗಿನ ಅರೆ. ಯಾವುದೇ ಅರೆಯಲ್ಲಿರಲಿ, ಬರೆಯುವ ಮಾತು ಮಾತ್ರ ಎತ್ತುವ ಹಾಗಿರಲಿಲ್ಲ. ಪೆನ್ನಿನಲ್ಲಿ ಬರೆಯುವುದೆಂದರೆ ಅವರ ಕಣ್ಣಿಗೆ ಕನ್ನಡಿಯಿಂದ ಮೊಳೆ ಹೊಡೆದ ಹಾಗೆ.

ಕುಡಿದದ್ದೋ ಇಲ್ಲವೋ ಎಂದು ನೋಡುವುದಕ್ಕೆ ಲೋಟದ ಪರೀಕ್ಷೆ. ಗಾಜಿನ ಲೋಟದಲ್ಲಿ ನೀರು ತುಂಬಿ, ಬಿಳೀ ಟವೆಲಿನ ಮೇಲಿಟ್ಟು, ಪೆನ್ನಿನ ಮೂತಿಯನ್ನು ಅದರಲ್ಲಿ ಅದ್ದಿ, ಒಳಗಿನ ರಬ್ಬರ್ ಟ್ಯೂಬನ್ನು ಒತ್ತಿಬಿಡುವುದು. ಏನು ಬರುತ್ತದೆಂದು ನೋಡುವುದು. ಈ ಪರೀಕ್ಷೆಯ ಬಗ್ಗೆ ಮಾಮ ಊಟಕ್ಕೆ ಕೂತಾಗಲೆಲ್ಲ ಉದ್ದುದ್ದ ಹೇಳುತ್ತಿದ್ದ. ಟೈಲರಮ್ಮ ಅವನ ಮಾತಿನ ಅರ್ಧಕ್ಕೆ ಕಿವಿ ಕೊಟ್ಟು ಇನ್ನರ್ಧಕ್ಕೆ 'ಹೂಂ' ಕೊಡುತ್ತಿದ್ದಳು. ಅವಳ 'ಹೂಂ' ಎಷ್ಟು ಪಳಗಿತ್ತೆಂದರೆ, ಅವಳು ನಿದ್ದೆ ಹೋದ ಮೇಲೂ ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಲೋಟದ ಪರೀಕ್ಷೆಯಲ್ಲಿ ಅವಳ ಕಿವಿಗೆ ಬಿದ್ದ ಅರ್ಧ ಇಷ್ಟೇ: ಬಣ್ಣ ಬಂದರೆ ಕೆಟ್ಟಿತು.

ಮೇಲಿನ ಅರೆಯ ಮಹಾರಾಣಿ ಕೊಕ್ಕರೆ ಪೆನ್ನು. ಕಡುಹಸಿರು ಮೈ, ಬಂಗಾರದ ಬಣ್ಣದ ಮುಚ್ಚಳ, ಮೈಮೇಲೆ ಒಂಟಿಕಾಲಿನ ಕೊಕ್ಕರೆ. ಪಕ್ಕದ ಬೀದಿಯ ಮುದಿ ಟೀಚರಮ್ಮನಿಗೆ ಯಾವ ಕಾಲದಲ್ಲೋ ಬಹುಮಾನ ಬಂದದ್ದು. ಬಳಸಲು ಮನಸ್ಸು ಬಾರದೆ ಹಾಗೇ ಇಟ್ಟಿದ್ದಳಂತೆ. ಕೂದಲು ಕತ್ತರಿಸಿಕೊಳ್ಳಲು ಬಂದಾಗ ಮಾಮನ ಕೈಗೆ ಕೊಟ್ಟು, "ನನ್ನಾಣೆಗೂ ಇದಕ್ಕೆ ಇಂಕು ಸೋಕ್ಸಿಲ್ಲಪ್ಪ," ಎಂದಿದ್ದಳು. ಮಾಮ ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ, ಬೀರುವಿನ ಮೂಲೆಗೆ ಸೇರಿಸಿದ. ಲೋಟದ ಪರೀಕ್ಷೆಗೂ ಇಳಿಸಲಿಲ್ಲ. ನೀರಾದರೂ ಅದಕ್ಕೆ ಯಾಕೆ ಸೋಕಬೇಕು? ಬೇರೆ ಪೆನ್ನುಗಳನ್ನು ದಿನಾ ತೆಗೆದು ಒರೆಸುತ್ತಿದ್ದ. ಕೊಕ್ಕರೆಯನ್ನು ಮಾತ್ರ ತೆಗೆಯುತ್ತಿರಲಿಲ್ಲ. ಬೆಳಿಗ್ಗೆ ಡಬ್ಬಿಯನ್ನು ಮೆತ್ತಗೆ ಅಲ್ಲಾಡಿಸಿ, ಒಳಗೆ ಸದ್ದಾದರೆ ನಿಟ್ಟುಸಿರು ಬಿಟ್ಟು ಅಂಗಡಿಗೆ ಇಳಿಯುತ್ತಿದ್ದ.

ಡಬ್ಬಿಯೊಳಗೆ ಸದ್ದು ಮಾಡುತ್ತಿದ್ದದ್ದು ಮುರಿದ ಕತ್ತರಿಯ ಹಿಡಿ.

ಕೊಕ್ಕರೆ ಇದ್ದದ್ದು ಟೈಲರಮ್ಮನ ತುರುಬಿನಲ್ಲಿ.

ಅವಳದೇನೂ ತಪ್ಪಿಲ್ಲ. ಬಂದ ಬಟ್ಟೆಗೆಲ್ಲ ಒಂದೊಂದು ಚೀಟಿ ಬರೆದು ಪಿನ್ನು ಚುಚ್ಚಬೇಕು: ಯಾರದು, ಸೊಂಟ ಎಷ್ಟು, ತೋಳು ಎಷ್ಟು. ಪೆನ್ಸಿಲಿನಲ್ಲಿ ಬರೆದರೆ ಇಸ್ತ್ರಿ ಹೊತ್ತಿಗೆ ಅಳಿಸಿ, ಒಬ್ಬರ ಸೊಂಟ ಇನ್ನೊಬ್ಬರಿಗೆ ಹೋಗುತ್ತಿತ್ತು. ಹಾಗೆ ಒಂದು ಸಲ ಬೇಕರಿಯವನ ಪ್ಯಾಂಟಿನಲ್ಲಿ ಬೇಕರಿಯವನೂ ಅವನ ತಮ್ಮನೂ ಒಟ್ಟಿಗೆ ನಿಂತು ತೋರಿಸಿ ಹೋಗಿದ್ದರು. ಮರುದಿನ ಟೈಲರಮ್ಮ ಬೀರು ತೆರೆದಳು. ಯಾವುದನ್ನು ತೆಗೆದರೂ ಸಂಜೆಯೊಳಗೆ ಮಾಮನಿಗೆ ಗೊತ್ತಾಗುತ್ತಿತ್ತು, ಒಂದನ್ನು ಬಿಟ್ಟು. ಯಾವುದನ್ನು ಅವನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದನೋ ಅದನ್ನು ನೋಡುತ್ತಲೇ ಇರಲಿಲ್ಲ. ಅವಳಿಗೆ ಆ ಪಾಡು ತನಗೂ ಪರಿಚಯದ್ದೆನ್ನಿಸಿತು. ಕೊಕ್ಕರೆಗೆ ನೇರಳೆ ಇಂಕು ಕುಡಿಸಿದಳು. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಹೋಯಿತು. ಚೀಟಿ ಬರೆದು, ಪೆನ್ನನ್ನು ತುರುಬಿಗೆ ಸಿಕ್ಕಿಸಿ, ಕತ್ತರಿ ಕೈಗೆ ತೆಗೆದುಕೊಂಡಳು. ಅಂದಿನಿಂದ ಅದು ಅಲ್ಲೇ. ಗಂಡ ದಿನಾ ಹತ್ತು ಸಲ ಎದುರಿಗೆ ಬರುತ್ತಿದ್ದ, ಹಿಂದಿನಿಂದ ಹೋಗುತ್ತಿದ್ದ. ಬೆಳಿಗ್ಗೆಯಿಂದ ಸಂಜೆತನಕ ಬರೀ ತಲೆಗಳನ್ನೇ ನೋಡುವ ಮನುಷ್ಯ ಮನೆಯ ತಲೆಯನ್ನು ನೋಡಲಿಲ್ಲ. ವರ್ಷಗಳು ಹೋದವು.

ಹೀಗಿರುವಾಗ ಒಂದು ರಜೆಯ ದಿನ ಸಂಘ ಸೇರಿತ್ತು. ಟೈಲರಮ್ಮ ಪರದೆಯ ಈಚೆ ಕಾಲರಿಗೆ ಅಂಚು ಹಾಕುತ್ತಿದ್ದಳು. ಆಚೆಯಿಂದ ಭೂತಗನ್ನಡಿಯ ದನಿ ಬಂತು. ಅವನು ಅಂದು ತನ್ನ ಹಡಗು ಪೆನ್ನನ್ನು ಲೋಟಕ್ಕಿಳಿಸಿ ಪಾಸು ಮಾಡಿಸಿಕೊಂಡು ಉಬ್ಬಿಹೋಗಿದ್ದ.

"ಪ್ರತಿ ವರ್ಷ ಇಳಿಸ್ತೀನಿ, ಪ್ರತಿ ವರ್ಷ ಪಾಸು. ನಿಂದೊಂದಿದೆಯಲ್ಲಪ್ಪ ಕೊಕ್ಕರೆ, ಡಬ್ಬಿಯಿಂದ ಈಚೆಗೇ ಬರದ ಮದುಮಗಳು. ಕುಡಿಯದ್ದು ಅಂತ ಏನು ಗ್ಯಾರಂಟಿ?"

"ಟೀಚರಮ್ಮ ಆಣೆ ಹಾಕಿದಾಳೆ."

"ಆಣೆನ ಲೋಟದಲ್ಲಿ ಅದ್ದಕ್ಕಾಗತ್ತಾ?"

"ಅಣ್ಣ, ಬಿಟ್ಬಿಡಿ," ಎಂದ ಬೇಕರಿಯವನು.

"ಬಿಡೋದು ಯಾಕೆ?" ಎಂದ ಮಾಮ. ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. "ಮುಂದಿನ ರಜಾಕ್ಕೆ ಇಲ್ಲೇ, ನಿಮ್ಮೆಲ್ಲರ ಕಣ್ಣೆದುರು ಇಳಿಸ್ತೀನಿ. ನನ್ನ ಕೊಕ್ಕರೆ ಕುಡಿದದ್ದು ಅಂತಾದ್ರೆ ಮೀಸೆ ಬೋಳಿಸ್ತೀನಿ!"



"ಕುಡಿಯದ್ದು ಅಂತಾದ್ರೆ?" ಎಂದು ಆಂಬುಲೆನ್ಸ್ ಡ್ರೈವರ್ ಕೇಳಿದ.

"ನನ್ನ ಹಡಗು ಅವನಿಗೆ," ಎಂದ ಭೂತಗನ್ನಡಿ.

ಟೈಲರಮ್ಮ ಕಾಲರು ಕೆಳಗಿಟ್ಟಳು. ಮೆಲ್ಲಗೆ ಕೈಯೆತ್ತಿ ತುರುಬು ಮುಟ್ಟಿ ನೋಡಿಕೊಂಡಳು. ಕೊಕ್ಕರೆ ಅಲ್ಲೇ ಇತ್ತು. ಅಂದು ಬೆಳಿಗ್ಗೆಯಷ್ಟೇ ಹೊಟ್ಟೆ ತುಂಬ ಕುಡಿದಿತ್ತು.

ಗಂಡನಿಗೆ ಹೇಳಿಬಿಡೋಣ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ರಾತ್ರಿ ಊಟಕ್ಕೆ ಕೂತಾಗ ಅವನು ಮೀಸೆಗೆ ಎಣ್ಣೆ ತೀಡುತ್ತ, "ನೋಡ್ತಿರು, ಲೋಟದ ಮುಂದೆ ಕೂರೋವಾಗ ಅವನ ಮುಖ ಹೆಂಗಿರತ್ತೆ ಅಂತ," ಎಂದು ಹಾಡಿನ ಹಾಗೆ ಹೇಳಿಕೊಳ್ಳುತ್ತಿದ್ದ. ಅವಳು, "ಹೂಂ," ಎಂದಳು. ಮೊದಲ ಸಲ ಆ 'ಹೂಂ' ತಪ್ಪು ಜಾಗದಲ್ಲಿ ಬಿತ್ತು. ತೊಳೆದರೆ ಹೋಗದ ಬಣ್ಣ ಯಾವುದಿದೆ ಎಂದುಕೊಂಡು ಮಲಗಿದಳು.

ತೊಳೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು. ಮೊದಲ ಲೋಟ ನೇರಳೆ. ಎರಡನೆಯದೂ ನೇರಳೆ. ಬಕೆಟ್ಟು ತಂದಳು, ಬಕೆಟ್ಟೂ ನೇರಳೆ. ಆ ಚೀನಾದವರು ಒಳಗಡೆ ಅದೇನು ಮಾಡಿದ್ದರೋ, ನಿಬ್ಬಿನ ಹಿಂದೆ ಬಾಚಣಿಗೆಯ ಹಲ್ಲಿನ ಹಾಗೆ ಪದರ ಪದರ, ಒಂದೊಂದು ಪದರದಲ್ಲೂ ಒಂದೊಂದು ವರ್ಷದ ಇಂಕು ಬಿಡಾರ ಹೂಡಿತ್ತು. ಮೋರಿಯಲ್ಲಿ ನೇರಳೆ ನೀರು ಹರಿಯಿತು. ಮೋರಿ ದಾಟಿ ಹೋದ ಬೆಕ್ಕು ಮೊಣಕಾಲಿನವರೆಗೆ ನೇರಳೆಯಾಗಿ, ಕಾಲುಚೀಲ ಹಾಕಿದೆಯೆಂದು ಹೆಸರಾಯಿತು. ಪಾರಿವಾಳಗಳು ಆ ನೀರು ಕುಡಿದು ನೇರಳೆ ಮೊಟ್ಟೆ ಇಟ್ಟವು. ಬೇಕರಿಯವನು ಅದನ್ನು ಕೇಕಿಗೆ ಹಾಕಿ, ಹೊಸ ರುಚಿಯೆಂದು ಬೋರ್ಡು ತೂಗಿದ. ಮೂರನೆಯ ದಿನ ನೀರಿನ ಇಲಾಖೆಯವರು ಬಂದು ರಸ್ತೆ ಅಗೆದರು. ಒಳಗೆ ಇಳಿದ ಇಂಜಿನಿಯರು ನೇರಳೆಯಾಗಿ ಮೇಲೆ ಬಂದು, "ಎಲ್ಲ ಸರಿಯಾಗಿದೆ," ಎಂದು ಹೇಳಿ ಹೋದ.

ಬಿಸಿನೀರು ಆಯಿತು, ಸೋಪಿನ ನೀರು ಆಯಿತು, ವಿನೆಗರ್ ಆಯಿತು. ಟ್ಯೂಬು ಒತ್ತಿ ಒತ್ತಿ ಅವಳ ಹೆಬ್ಬೆರಳು ಮಡಚಲು ಬಾರದ ಹಾಗಾಯಿತು. ಆಗ ಎದುರಿಗಿದ್ದ ಹೊಲಿಗೆ ಮಿಷಿನ್ನಿನ ಮೇಲೆ ಅವಳ ಕಣ್ಣು ಬಿತ್ತು.

ಸೂಜಿ ತೆಗೆದಳು. ಸೂಜಿ ಸಿಕ್ಕಿಸುವ ಕಡ್ಡಿಯ ತುದಿಗೆ ಒಂದು ಕೋಟಿನ ಗುಂಡಿ ಕಟ್ಟಿದಳು. ಪೆನ್ನಿನ ಮೈ ಬಿಚ್ಚಿ, ಟ್ಯೂಬು ಒತ್ತುವ ತಗಡು ಗುಂಡಿಯ ಕೆಳಗೆ ಬರುವಂತೆ ಕೂರಿಸಿ, ಮೂತಿಯನ್ನು ನೀರಿನ ಮಗ್ಗಿಗೆ ಇಳಿಬಿಟ್ಟಳು. ಆಮೇಲೆ ತುಳಿದಳು. ಗುಂಡಿ ಟಕಟಕ ಬಡಿಯಿತು, ಕೊಕ್ಕರೆ ನೀರು ಕುಡಿಯಿತು, ಉಗುಳಿತು, ಕುಡಿಯಿತು, ಉಗುಳಿತು. ಒಂದು ದಿನಕ್ಕೆ ಅದು ಉಗುಳಿದ ನೀರಿನಲ್ಲಿ ಒಂದು ಹಡಗು ತೇಲಬಹುದಿತ್ತು.

ಪರದೆಯ ಆಚೆಯಿಂದ ಮಾಮ ಕೂಗಿದ. "ಏನೇ ಅದು, ಬೆಳಿಗ್ಗೆಯಿಂದ ಒಂದೇ ಸಮ? ಏನು ಹೊಲೀತಿದೀಯ?"

"ಸರ್ಕಸ್‌ನೋರದು ರೀ!"

"ಏನು?"

"ಆನೆಗೆ ಲಂಗ!"

ಮಾಮ ಅದನ್ನು ನಂಬಿದ. ನಂಬಿದ್ದಷ್ಟೇ ಅಲ್ಲ, ಗಡ್ಡಕ್ಕೆ ಬಂದವರಿಗೆಲ್ಲ ಹೇಳಿದ. ಸಂಜೆಯೊಳಗೆ ಇಬ್ಬರು ಬಂದು ಸರ್ಕಸ್ ಟಿಕೆಟ್ಟು ಎಲ್ಲಿ ಸಿಗುತ್ತದೆಂದು ಟೈಲರಮ್ಮನನ್ನು ಕೇಳಿದರು. ಅವಳು ತುಳಿಯುತ್ತಲೇ, ಆನೆಗೆ ಅಳತೆ ಸರಿಹೋದ ಮೇಲೆ ತಿಳಿಸುತ್ತಾರೆ ಎಂದಳು.

ರಜೆಯ ಹಿಂದಿನ ದಿನ ಮಗ್ಗಿನ ನೀರು ತಿಳಿಯಾಯಿತು. ಬೆಳಕಿಗೆ ಹಿಡಿದಳು, ಬಿಳೀ ಬಟ್ಟೆಯ ಮುಂದೆ ಹಿಡಿದಳು. ಎರಡೂ ಸಾಲದೆಂದು ಒಂದು ಗುಟುಕು ಕುಡಿದೂ ನೋಡಿದಳು. ಬರೀ ನೀರು. ಪೆನ್ನನ್ನು ಒಣಗಿಸಿ, ಕತ್ತರಿ ಹಿಡಿಯನ್ನು ತೆಗೆದು, ಕೊಕ್ಕರೆಯನ್ನು ಅದರ ಡಬ್ಬಿಗೆ ಸೇರಿಸಿ, ಎಷ್ಟೋ ವರ್ಷದ ಮೇಲೆ ಖಾಲಿ ತುರುಬಿನಲ್ಲಿ ಮಲಗಿದಳು. ತಲೆ ಒಂದು ಕಡೆಗೆ ಹಗುರಾದ ಹಾಗಿತ್ತು.

ಮಾರನೆಯ ದಿನ ಸಂಘ ಸೇರಿತು. ಮಾಮ ಮೀಸೆಗೆ ಎಣ್ಣೆ ಹಚ್ಚಿ, ಬಿಳೀ ಟವೆಲು ಹಾಸಿ, ಅದರ ಮೇಲೆ ಗಾಜಿನ ಲೋಟ ಇಟ್ಟ. ಟೈಲರಮ್ಮ ಚಹಾ ತಂದವಳು ಹೋಗದೆ ಪರದೆ ಹಿಡಿದು ಅಲ್ಲೇ ನಿಂತಳು. ಭೂತಗನ್ನಡಿ ಮಸೂರವನ್ನು ಉಸಿರೂದಿ ಒರೆಸಿ ಕಣ್ಣಿಗೆ ಕಚ್ಚಿಸಿದ. ಮಾಮ ಡಬ್ಬಿ ತೆರೆದ. ಕೊಕ್ಕರೆ ಒಂಟಿಕಾಲಲ್ಲಿ ನಿಂತು, ಏನೂ ಅರಿಯದವರ ಹಾಗೆ ಇತ್ತು.

ಮೂತಿ ಅದ್ದಿದ. ಟ್ಯೂಬು ಒತ್ತಿದ. ಗುಳ್ಳೆ ಬಂದವು. ಮತ್ತೆ ಒತ್ತಿದ.

ನೀರು ಹಾಗೇ ಇತ್ತು. ಗಾಜಿನ ಹಾಗೆ, ಗಾಳಿಯ ಹಾಗೆ.

ಟೈಲರಮ್ಮ ಗೆದ್ದೆವೆಂದುಕೊಂಡು ಗಂಡನ ಮುಖ ನೋಡಿದಳು. ಗಂಡನ ಮುಖ ಬೆಳ್ಳಗಾಗಿತ್ತು. ಬೇಕರಿಯವನು ನೆಲ ನೋಡುತ್ತಿದ್ದ. ಆಂಬುಲೆನ್ಸ್ ಡ್ರೈವರ್ ಎದ್ದು, ಕಸುಬಿನ ಅಭ್ಯಾಸಕ್ಕೆ ಮಾಮನ ನಾಡಿ ಹಿಡಿದ.

"ಯಾಕೆ? ಏನಾಯ್ತು? ನೀರು ಚೆನ್ನಾಗೇ ಇದೆಯಲ್ಲ?" ಎಂದಳು.

"ಅದೇ ಅತ್ತಿಗೆ, ಚೆನ್ನಾಗಿದೆ," ಎಂದು ಬೇಕರಿಯವನು ಗೋಳಿನ ದನಿಯಲ್ಲಿ ಹೇಳಿದ.

ಭೂತಗನ್ನಡಿ ಲೋಟವನ್ನು ಎತ್ತಿ ಹಿಡಿದ. "ಅಮ್ಮಾ, ಆ ಕಾಲದ ಚೀನಾ ಪೆನ್ನು ಫ್ಯಾಕ್ಟರಿಯಿಂದ ಹೊರಡೋ ಮೊದಲು, ಬರೆಯತ್ತಾ ಇಲ್ವಾ ಅಂತ ಒಂದೇ ಒಂದು ಸಲ ನೀಲಿಯಲ್ಲಿ ಅದ್ದಿ ನೋಡೋರು. ಅದು ಒಣಗಿ ಒಳಗೇ ಇರತ್ತೆ. ಎಷ್ಟು ವರ್ಷ ಆದ್ರೂ ಮೊದಲ ಸಲ ನೀರಿಗೆ ಇಳಿಸಿದ್ರೆ, ಹೊಗೆ ಎಳೆ ಥರ ಒಂದಿಷ್ಟು ನೀಲಿ ಬರಬೇಕು. ಬಂದ್ರೆ ಕುಡಿಯದ್ದು. ಜೋರಾಗಿ ಬಂದ್ರೆ ಕುಡಿದದ್ದು. ಏನೂ ಬರಲಿಲ್ಲ ಅಂದ್ರೆ..." ಲೋಟವನ್ನು ಟವೆಲಿನ ಮೇಲಿಟ್ಟ. "ಕುಡಿದಿದೆ. ಕುಡಿದು, ಬಾಯಿ ತೊಳ್ಕೊಂಡು ಬಂದಿದೆ."

"ನಿಮ್ಮ ಹಡಗು ಪ್ರತಿ ವರ್ಷ ಇಳಿಯತ್ತಲ್ಲ ಅಣ್ಣ," ಎಂದ ಬೇಕರಿಯವನು. "ಅದು ತೊಳೆದು ಹೋಗಲ್ವಾ?"

"ಅದೇ ಅದರ ಹೆಚ್ಚುಗಾರಿಕೆ. ಪ್ರತಿ ವರ್ಷ ಅಷ್ಟೇ ನೀಲಿ. ಅಳೆದು ಹಾಕಿದ ಹಾಗೆ," ಎಂದು ಭೂತಗನ್ನಡಿ ಕಾಲರು ಸರಿಮಾಡಿಕೊಂಡ.

ಆಗ ಟೈಲರಮ್ಮನಿಗೆ ತಾನು 'ಹೂಂ' ಎಂದಿದ್ದ ಆ ಇನ್ನರ್ಧ ಮಾತು ಯಾವುದೆಂದು ಗೊತ್ತಾಯಿತು.

ಮಾಮ ದಡಕ್ಕನೆ ಎದ್ದ. "ಟೀಚರಮ್ಮ ಮೋಸ ಮಾಡಿದಾಳೆ! ಆಣೆ ಹಾಕಿ ಮೋಸ! ಈಗ್ಲೇ ಹೋಗಿ, ಅವಳ ಬೀದೀಲಿ ನಿಂತು ಕೇಳ್ತೀನಿ. ಇಡೀ ಊರಿಗೆ ಪಾಠ ಹೇಳಿದೋಳು..." ಎನ್ನುತ್ತ ಚಪ್ಪಲಿ ಹುಡುಕತೊಡಗಿದ.

ಟೈಲರಮ್ಮನಿಗೆ ಆ ಮುದುಕಿ ಕಣ್ಣ ಮುಂದೆ ಬಂದಳು. ಬೆನ್ನು ಬಾಗಿ, ಕೋಲೂರಿ, ಹಿಂದಿನ ವಾರವಷ್ಟೇ ರವಿಕೆ ಅಳತೆ ಕೊಟ್ಟು ಹೋಗಿದ್ದಳು. ಚೀಟಿ ಬರೆದದ್ದು ಅವಳದೇ ಪೆನ್ನಿನಲ್ಲಿ.

"ರೀ, ಆ ಯಮ್ಮನ ತಂಟೆಗೆ ಹೋಗ್ಬೇಡಿ," ಎಂದಳು. "ಕುಡಿಸಿದ್ದು ನಾನು."

ಮಾಮನ ಒಂದು ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಕಾಲನ್ನು ಎತ್ತಿ ಹಿಡಿದುಕೊಂಡೇ ನಿಂತ, ಪೆನ್ನಿನ ಮೇಲಿನ ಕೊಕ್ಕರೆಯ ಹಾಗೆ.

"ಯಾವಾಗ?"

"ದಿನಾ."

"ದಿನಾ ಅಂದ್ರೆ?"

"ದಿನಾ ಅಂದ್ರೆ ದಿನಾ. ಚೀಟಿ ಬರೀಬೇಕಲ್ಲ."

"ಡಬ್ಬಿ ಅಲ್ಲಾಡಿಸ್ತಿದ್ನಲ್ಲೇ ನಾನು, ಬೆಳಿಗ್ಗೆ ಬೆಳಿಗ್ಗೆ!"

"ಅದು ಕತ್ತರಿ ಹಿಡಿ."

"ಮತ್ತೆ ಪೆನ್ನು ಎಲ್ಲಿತ್ತು?"

"ತುರುಬಲ್ಲಿ."

ಮೂರೂ ಜನ ಟೈಲರಮ್ಮನ ತುರುಬು ನೋಡಿದರು. ಆಮೇಲೆ ಮಾಮನನ್ನು ನೋಡಿದರು.

"ಅಲ್ಲಯ್ಯಾ," ಎಂದ ಭೂತಗನ್ನಡಿ, "ಕೂದಲು ನಿನ್ನ ಕಸುಬಲ್ವೇನೋ?"

ಮಾಮ ಕಾಲಿಳಿಸಿ ಕುರ್ಚಿಯಲ್ಲಿ ಕೂತ. ಬೈಯುತ್ತಾನೆಂದು ಟೈಲರಮ್ಮ ಕಾದಳು. ಕಾದಷ್ಟೂ ಬೈಗುಳ ಬರಲಿಲ್ಲ. ಅವನು ಕೊಕ್ಕರೆಯನ್ನೇ ನೋಡುತ್ತಿದ್ದ. ಆಮೇಲೆ, ಬೇರೆಯವರಿಗೆ ಕೇಳಬಾರದು ಎನ್ನುವ ಹಾಗೆ, ಸಣ್ಣ ದನಿಯಲ್ಲಿ ಕೇಳಿದ.

"ಹೆಂಗೆ ಬರೆಯತ್ತೆ?"

ಬೇಕರಿಯವನು ಕೂತಲ್ಲೇ ಮುಂದಕ್ಕೆ ಬಾಗಿದ. ಆಂಬುಲೆನ್ಸ್ ಡ್ರೈವರೂ ಬಾಗಿದ. ಅಷ್ಟು ವರ್ಷ ಕೂಡಿಟ್ಟವರಲ್ಲಿ ಅಂಥ ಪೆನ್ನಿನಲ್ಲಿ ಒಂದು ಗೆರೆ ಎಳೆದವರು ಯಾರೂ ಇರಲಿಲ್ಲ. ಟೈಲರಮ್ಮ ಪರದೆಯ ಈಚೆಗೆ ಹೋಗಿ ನೇರಳೆ ಇಂಕಿನ ಸೀಸೆ ತಂದಳು. ಕುಡಿಸಿ, ಮೂತಿ ಒರೆಸಿ, ಗಂಡನ ಕೈಗೆ ಕೊಟ್ಟಳು.

ಮಾಮ ಏನು ಬರೆಯಬೇಕೆಂದು ತೋಚದೆ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ಮೀಸೆ ಬರೆದ. ಮೂಗಿನ ಕೆಳಗಿನಿಂದ ಶುರು ಮಾಡಿ ಬಲಕ್ಕೆ ಎಳೆದ. ಗೆರೆ ಎಲ್ಲೂ ತೊಡರಲಿಲ್ಲ, ಎಲ್ಲೂ ಕಡಿಯಲಿಲ್ಲ. ಕ್ಯಾಲೆಂಡರು ಮುಗಿಯಿತು, ಗೆರೆ ಟವೆಲಿಗೆ ಇಳಿಯಿತು, ಟವೆಲಿನಿಂದ ಮೇಜಿಗೆ, ಮೇಜಿನಿಂದ ಗೋಡೆಗೆ ಹತ್ತಿತು. ಮಾಮ ಎದ್ದು ಅದರ ಹಿಂದೆಯೇ ನಡೆದ. ಕನ್ನಡಿಯ ಪಕ್ಕದಲ್ಲಿ ಹಾದು, ಬಾಗಿಲಿನ ಚೌಕಟ್ಟು ಬಳಸಿ, ಹೊರಗೆ ನಿಂತಿದ್ದ ಆಂಬುಲೆನ್ಸಿನ ಮೈಮೇಲೆ ಒಂದು ಸುತ್ತು ಹಾಕಿಸಿ, ವಾಪಸ್ಸು ಬಂದು ಎಡಮೀಸೆ ಮುಗಿಸಿದ. ಈಗಲೂ ಆ ಆಂಬುಲೆನ್ಸನ್ನು ನೋಡಿದವರು ಆಸ್ಪತ್ರೆಯ ಹೊಸ ಗುರುತೆಂದು ತಿಳಿದಿದ್ದಾರೆ.

"ಬೆಣ್ಣೆ," ಎಂದ ಮಾಮ.

"ನಂಗೂ ಕೊಡಣ್ಣ ಒಂದ್ಸಲ," ಎಂದ ಬೇಕರಿಯವನು.

"ಮೊದಲು ಮೀಸೆ," ಎಂದ ಭೂತಗನ್ನಡಿ.

ಮಾತಿಗೆ ತಪ್ಪುವ ಮನುಷ್ಯನಲ್ಲ ಮಾಮ. ತಾನೇ ಬಿಳೀ ಬಟ್ಟೆ ಕಟ್ಟಿಕೊಂಡ, ತಾನೇ ನೊರೆ ಹಚ್ಚಿಕೊಂಡ. ಗಿರಾಕಿಯನ್ನು ಕೇಳುವ ಅಭ್ಯಾಸಕ್ಕೆ ಕನ್ನಡಿಯಲ್ಲಿ ತನ್ನನ್ನೇ, "ಪೂರ್ತೀನಾ?" ಎಂದು ಕೇಳಿ, "ಪೂರ್ತಿ," ಎಂದು ಹೇಳಿಕೊಂಡ. ಬಲಮೀಸೆ ಬಿದ್ದಾಗ ಕೆಳಗಿನ ನೆಲ ಅದುರಿತು. ಎಡಮೀಸೆಯಲ್ಲಿ ಎಂದೋ ಕಳೆದುಹೋಗಿದ್ದ ಎರಡು ಬಾಚಣಿಗೆ ಸಿಕ್ಕವು.

ಮುಖ ತೊಳೆದು ಒರೆಸಿಕೊಂಡು ಅವನು ಹೆಂಡತಿಯ ಕಡೆ ತಿರುಗಿದ.

ಟೈಲರಮ್ಮ ತಟ್ಟನೆ ನೆಟ್ಟಗಾದಳು. ಎರಡೂ ಕೈ ತಾವಾಗಿ ಹಿಂದಕ್ಕೆ ಹೋದವು. ಕೈಯಲ್ಲಿದ್ದ ಬಿಸ್ಕತ್ತು ಬೆನ್ನ ಹಿಂದೆ ಅಡಗಿತು. ಆ ತೆಳ್ಳನೆಯ ತುಟಿ, ಒಂದು ಮೂಲೆ ಕೆಳಗೆ ಎಳೆದ ಆ ಬಾಯಿ, ಯಾವಾಗಲೂ ಏನೋ ಸರಿಯಿಲ್ಲ ಎನ್ನುವ ಆ ಗದ್ದ: ಅದು ಅವಳ ಅತ್ತೆ. ತೀರಿಕೊಂಡು ಎಷ್ಟೋ ಕಾಲವಾಗಿದ್ದ ಅತ್ತೆ, ಅಷ್ಟೂ ವರ್ಷ ಆ ಮೀಸೆಯ ಹಿಂದೆಯೇ ಕೂತು ಅವಳ ಸಂಸಾರ ನೋಡುತ್ತಿದ್ದಳು.

"ಯಾಕೇ ಹಂಗೆ ನಿಂತೆ?" ಎಂದ ಮಾಮ. ಬಾಯಿ ಅತ್ತೆಯದು, ದನಿ ಗಂಡನದು.

"ಏನಿಲ್ಲ ಅತ್... ಏನಿಲ್ಲ ರೀ," ಎಂದಳು. "ನಾಳೆಯಿಂದಾನೇ ಬೆಳೆಸಿ."

ಸಂಘದ ಕಟ್ಟಳೆಯ ಪ್ರಕಾರ ಕುಡಿದ ಪೆನ್ನಿಗೆ ಮೇಲಿನ ಅರೆಯಲ್ಲಿ ಜಾಗವಿಲ್ಲ. ರಾತ್ರಿ ಮಾಮ ಬೀರು ತೆರೆದು ಕೆಳಗಿನ ಅರೆಯನ್ನು ನೋಡಿದ, ಹೆಂಡತಿಯ ತುರುಬು ನೋಡಿದ. ಅಷ್ಟು ವರ್ಷದಲ್ಲಿ ಮೊದಲ ಸಲ ಅದನ್ನು ಕಸುಬುದಾರನ ಕಣ್ಣಿನಲ್ಲಿ ನೋಡಿ, "ಬಲಗಡೆ ಸ್ವಲ್ಪ ಸಡಿಲ ಕಟ್ಟಿದೀಯ," ಎಂದು ಕೊಕ್ಕರೆಯನ್ನು ತಾನೇ ಸಿಕ್ಕಿಸಿದ. ಸರಿಯಾಗಿ ಕೂತಿತು.

ಮೀಸೆ ಮತ್ತೆ ಬೆರಳು ಉದ್ದ ಬರುವವರೆಗೆ ಟೈಲರಮ್ಮ ಗಂಡನ ಎದುರಿಗೆ ಕಾಲು ಚಾಚಿ ಕೂರಲಿಲ್ಲ.

ಆ ವಾರದಲ್ಲೇ ಭೂತಗನ್ನಡಿಯ ಹೆಂಡತಿ ಬಟ್ಟೆ ತಂದಳು. ಹೆಚ್ಚು ಮಾತಿಲ್ಲದ ಹೆಂಗಸು, ವರ್ಷಗಳಿಂದ ಇವಳ ಗಿರಾಕಿ. ಎಂದಿನ ಹಾಗೆ ತನ್ನ ಅಳತೆಯನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದು ತಂದಿದ್ದಳು. ಮುತ್ತು ಪೋಣಿಸಿದಂಥ ಅಕ್ಷರ, ಕೂದಲೆಳೆಯಂಥ ಗೆರೆ. ಟೈಲರಮ್ಮ ಆ ಚೀಟಿಯನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಪರದೆಯ ಆಚೆ ಮಾಮ ಯಾರದೋ ತಲೆಗೆ ನೀರು ಚಿಮುಕಿಸುತ್ತಿದ್ದ. ಭೂತಗನ್ನಡಿಯ ಹೆಂಡತಿ ಪರದೆಯನ್ನೊಮ್ಮೆ ನೋಡಿ, ಟೈಲರಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ನೀವು ತೊಳೆದಿದ್ದು ಜಾಸ್ತಿ ಆಯ್ತಕ್ಕ," ಎಂದಳು. "ತೊಳೆದಾದ್ಮೇಲೆ ಒಂದು ಲೋಟ ನೀರಿಗೆ ಒಂದು ತೊಟ್ಟು ನೀಲಿ ಹಾಕಿ, ಅದನ್ನ ಕುಡಿಸಿ, ಒಣಗಿಸಿ ಇಡಬೇಕು. ನಮ್ಮನೆಯವರದ್ದು ಪ್ರತಿ ವರ್ಷ ಪಾಸಾಗ್ತಿಲ್ವಾ?"

ಟೈಲರಮ್ಮ ಅವಳ ಮುಖ ನೋಡಿದಳು. ಆಮೇಲೆ ತಲೆ ನೋಡಿದಳು. ದಪ್ಪ ತುರುಬಿನ ಒಳಗಿಂದ ಒಂದು ಬೆಳ್ಳಿ ಬಣ್ಣದ ಕ್ಲಿಪ್ಪು ಅಷ್ಟೇ ಅಷ್ಟು ಇಣುಕುತ್ತಿತ್ತು. ಅದರ ಮೇಲೆ ಹಡಗು.

ಪರದೆಯ ಆಚೆಯಿಂದ ಮಾಮ ಕೂಗಿದ. "ಯಾರೇ ಬಂದಿರೋದು?"

"ಸರ್ಕಸ್‌ನೋರು ರೀ," ಎಂದಳು ಟೈಲರಮ್ಮ. ತನ್ನ ತುರುಬಿನಿಂದ ಕೊಕ್ಕರೆ ಎಳೆದು, ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕಿಕೊಂಡು ಕೇಳಿದಳು, "ತೋಳು ಹೋದ ಸಲದಷ್ಟೇ ಇರ್ಲಾ?"

"ಒಂಚೂರು ಸಡಿಲ ಇರ್ಲಿ," ಎಂದಳು ಅವಳು. "ಬರೆಯೋಕೆ ಹಿಡಿಯತ್ತೆ."